ಆಯ್ತು ಅಂದದ್ದು ಯಾರು

ಭಾನುವಾರ, ಹನ್ನೊಂದನೇ ತಾರೀಖು

ಪ್ರೀತಿಯ ಅಕ್ಕನಿಗೆ,

ನಿನ್ನ ತಮ್ಮನ ನಮಸ್ಕಾರ. ನಿನ್ನ ಪತ್ರ ಬಂದು ಹದಿನಾರು ದಿನವಾಯಿತು. ಉತ್ತರ ಬರಲಿಲ್ಲವೆಂದು ನೀನು ಅಲ್ಲಿ ಮುಖ ಊದಿಸಿಕೊಂಡು ಕೂತಿರುವುದು ನನಗೆ ಇಲ್ಲಿಂದಲೇ ಕಾಣುತ್ತದೆ. ಏನು ಮಾಡಲಿ, ಬರೆಯಲು ಕೂತಾಗಲೆಲ್ಲ ಮೊದಲ ಸಾಲಿನಲ್ಲೇ ಸಿಕ್ಕಿಕೊಳ್ಳುತ್ತಿದ್ದೆ. ನಾವೆಲ್ಲ ಚೆನ್ನಾಗಿದ್ದೇವೆ ಎಂದರೆ ಸುಳ್ಳಾಗುತ್ತದೆ, ಇಲ್ಲ ಎಂದರೆ ನೀನು ಮುಂದಿನ ಬಸ್ಸಿಗೆ ಹೊರಟು ಬರುತ್ತೀಯ. ಆದ್ದರಿಂದ ಹೀಗೆ ತಿಳಿದುಕೋ: ಕೈಕಾಲು ಗಟ್ಟಿಯಾಗಿವೆ, ಕೆಲಸ ಅಲ್ಲಾಡುತ್ತಿದೆ, ಕೋಪ ಎಂದಿನಂತೆ ಮೂಗಿನ ತುದಿಯಲ್ಲೇ ಇದೆ.

ಇವಳ ಮಂಡಿನೋವು ಸ್ವಲ್ಪ ವಾಸಿ. ನಾನು ದಿನವಿಡೀ ಮನೆಯಲ್ಲಿರುವುದೇ ಈಗ ಅವಳಿಗೆ ದೊಡ್ಡ ನೋವಂತೆ. ಹೋದ ವಾರ ಬಚ್ಚಲಿನ ನಲ್ಲಿ, ಅಡುಗೆಮನೆಯ ಬಾಗಿಲು, ಹೊಲಿಗೆ ಯಂತ್ರ ಎಲ್ಲವನ್ನೂ ಬಿಚ್ಚಿ ರಿಪೇರಿ ಮಾಡಿದೆ. "ಇನ್ನು ನನ್ನೊಬ್ಬಳನ್ನ ಬಿಚ್ಚಿಲ್ಲ ನೀವು, ಸ್ವಲ್ಪ ಹೊರಗೆ ಹೋಗಿ ಬನ್ನಿ" ಎಂದಳು.

ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. "ಪುಟ್ಟ, ಅವರು ತೋರಿಸಿದ ಕಡೆ ಸಹಿ ಹಾಕಿ ಸುಮ್ಮನಿರು. ನಿನ್ನ ಅನ್ನಕ್ಕೆ ನೀನೇ ಕಲ್ಲು ಹಾಕ್ಕೋಬೇಡ. ನಿನ್ನ ಭಾವನ ಅವಸರದಿಂದ ಒಂದು ಮನೆ ಮುಳುಗಿದ್ದು ಸಾಲದಾ?" ಎಂದು ಬರೆದಿದ್ದೀಯ. ಐವತ್ತನಾಲ್ಕು ವರ್ಷದವನನ್ನು ಪುಟ್ಟ ಎಂದು ಕರೆಯಲು ಉಳಿದಿರುವವಳು ನೀನೊಬ್ಬಳೇ. ಹಾಗಾಗಿ ನೀನು ಬೈದರೂ ನನಗೆ ಬೇಸರವಿಲ್ಲ. ಆದರೆ ಸಹಿ ಹಾಕುವುದಿಲ್ಲ ಅಕ್ಕ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಪತ್ರದ ಕೊನೆಯವರೆಗೆ ಆಸೆ ಇಟ್ಟುಕೊಂಡು ಓದಬೇಡ.

ಇವಳು ಫೋನಿನಲ್ಲಿ ನಿನಗೆ ಅರ್ಧ ಮಾತ್ರ ಹೇಳಿದ್ದಾಳೆ. ಪೂರ್ತಿ ಕೇಳು.

ನಮ್ಮ ಯಾರ್ಡಿನಲ್ಲಿ ಮೂರು ಲೋಡರ್‌ಗಳಿವೆ. ಮುಂದೆ ಎರಡು ದೊಡ್ಡ ತೋಳು, ಅವುಗಳ ತುದಿಗೆ ಬಕೆಟ್ಟು, ಮಣ್ಣು ಎತ್ತಿ ಲಾರಿಗೆ ತುಂಬುವ ಯಂತ್ರ. ತೋಳುಗಳ ಕೆಳಗೆ ಕೆಲಸವಿದ್ದರೆ ಅವನ್ನು ಮೇಲೆತ್ತಿ, ಸಿಲಿಂಡರ್ ರಾಡಿಗೆ ಒಂದು ದಪ್ಪ ಉಕ್ಕಿನ ಆಸರೆ ಕೊಡಬೇಕು. ಅದಕ್ಕೆ ನಾವು ಊರುಗೋಲು ಎನ್ನುತ್ತೇವೆ. ಅದು ಇದ್ದರೆ ಎಣ್ಣೆಯ ಪೈಪು ಒಡೆದರೂ, ಯಾರೋ ಲಿವರ್ ತಳ್ಳಿದರೂ ತೋಳು ಇಳಿಯುವುದಿಲ್ಲ. ಇಲ್ಲದಿದ್ದರೆ ಎರಡು ಟನ್ ಕಬ್ಬಿಣ ಬರೀ ಎಣ್ಣೆಯ ಮೇಲೆ ನಿಂತಿರುತ್ತದೆ. ಅಷ್ಟಾದ ಮೇಲೆ ಇಂಜಿನ್ ನಿಲ್ಲಿಸಬೇಕು, ಬ್ಯಾಟರಿ ಸ್ವಿಚ್ಚಿಗೆ ಬೀಗ ಹಾಕಬೇಕು, ಬೀಗದ ಕೈ ಕೆಳಗೆ ಹೋಗುವವನ ಜೇಬಿನಲ್ಲಿರಬೇಕು, ಕ್ಯಾಬಿನಿನಲ್ಲಿ ಯಾರೂ ಕೂರಬಾರದು. ಇಷ್ಟೇ, ಇದರಲ್ಲಿ ಬ್ರಹ್ಮವಿದ್ಯೆ ಏನೂ ಇಲ್ಲ.

ಮೂರು ಲೋಡರ್‌ಗೆ ನಮ್ಮಲ್ಲಿ ಊರುಗೋಲು ಒಂದೇ. ಇನ್ನೆರಡು ತರಿಸಿ ಎಂದು ಹೆಡ್ ಮೆಕ್ಯಾನಿಕ್ ಆದ ನಾನು ಲಾಗ್ ಪುಸ್ತಕದಲ್ಲಿ ಮೂರು ಸಲ ಬರೆದೆ. ಮೂರನೆಯ ಸಲ ಕೆಂಪು ಶಾಯಿಯಲ್ಲಿ ಬರೆದೆ. ನಮ್ಮ ಮ್ಯಾನೇಜರ್ ಯಾವುದಕ್ಕೂ ಸೊಪ್ಪು ಹಾಕಲಿಲ್ಲ. ಆ ಮನುಷ್ಯನಿಗೆ ಯಾರ್ಡಿನಲ್ಲಿ 'ಐದ್ನಿಮಿಷ' ಎಂದೇ ಹೆಸರು. ಇಂಜಿನ್ನನ್ನೇ ಇಳಿಸಬೇಕಾದರೂ ಆತನ ಬಾಯಲ್ಲಿ ಅದು ಐದು ನಿಮಿಷದ ಕೆಲಸ.

ಆವತ್ತು ಒಂದು ಲೋಡರ್‌ನ ತೋಳುಗಳ ನಡುವಿನ ಅಡ್ಡಪೈಪಿನಲ್ಲಿ ಬಿರುಕು ಬಿಟ್ಟಿತ್ತು. ಊರುಗೋಲು ಇನ್ನೊಂದು ಲೋಡರ್‌ನಲ್ಲಿತ್ತು. ನಾನು ಯಾರ್ಡಿನ ಆ ತುದಿಯಲ್ಲಿ ರೋಲರ್ ಕೆಳಗೆ ಮಲಗಿದ್ದೆ. ಐದ್ನಿಮಿಷ ಬಂದು ವೆಲ್ಡರ್‌ಗೆ, "ಮಧ್ಯಾಹ್ನಕ್ಕೆ ಗಾಡಿ ಸೈಟಿಗೆ ಹೋಗ್ಬೇಕು, ಬೆಸುಗೆಯ ಎರಡು ಟಾಕಾ ಹೊಡಿ, ಐದೇ ನಿಮಿಷ" ಎಂದ. ಬೀಗ ಹಾಕಿದರೆ ತಡವಾಗುತ್ತದೆಂದು ಡ್ರೈವರನ್ನು ಕ್ಯಾಬಿನಿನಲ್ಲೇ ಕೂರಿಸಿದ. ಸ್ವಲ್ಪ ಹೊತ್ತಿಗೆ ಡ್ರೈವರ್ ಮೇಲಿಂದ "ಆಯ್ತಾ?" ಎಂದು ಕೂಗಿದ. ಕೆಳಗಿನಿಂದ ವೆಲ್ಡರ್ "ಆಯ್ತು" ಎಂದ. ಡ್ರೈವರ್ ಲಿವರ್ ತಳ್ಳಿದ.

ವೆಲ್ಡರ್ ಹೇಳಿದ್ದು "ಆಯ್ತು, ಆಯ್ತು, ತಡ್ಕೋ" ಎಂಬ ಅರ್ಥದಲ್ಲಿ. ಡ್ರೈವರ್‌ಗೆ ಕೇಳಿಸಿದ್ದು ಕೆಲಸ ಮುಗಿಯಿತು ಎಂದು. ನಮ್ಮ ಭಾಷೆಯಲ್ಲಿ ಈ ಒಂದು ಮಾತಿಗೆ ಎಷ್ಟು ಮುಖ ನೋಡು. ಮುಗಿದರೂ ಆಯ್ತು, ಒಪ್ಪಿದರೂ ಆಯ್ತು, ಬೇಸರವಾಗಿ ಬಾಯಿ ಮುಚ್ಚಿಸಬೇಕಾದರೂ ಆಯ್ತು. ಅದಕ್ಕೇ ನಾನು ಶೆಡ್ಡಿನಲ್ಲಿ ಆ ಮಾತನ್ನು ನಿಷೇಧಿಸಿದ್ದೆ. ಕೆಳಗಿದ್ದವನು ಹೊರಗೆ ಬರಬೇಕು, ಎದುರು ನಿಂತು ಮುಖ ತೋರಿಸಬೇಕು, "ಹೊರಗಿದ್ದೀನಿ" ಅನ್ನಬೇಕು, ಆಮೇಲೆಯೇ ಲಿವರ್. ಹುಡುಗರೆಲ್ಲ "ಮೇಷ್ಟ್ರಿಗೆ ವ್ಯಾಕರಣದ ಹುಚ್ಚು" ಎಂದು ನಗುತ್ತಿದ್ದರು. ಮನೆಯಲ್ಲಿ ಇವಳು "ಸ್ನಾನ ಆಯ್ತಾ?" ಎಂದು ಕೇಳಿದರೂ ನಾನು "ಹೊರಗಿದ್ದೀನಿ" ಎನ್ನುತ್ತಿದ್ದೆ.

ವೆಲ್ಡರ್‌ನ ಬಲಗಾಲು ಮಂಡಿಯ ಕೆಳಗೆ ಜಜ್ಜಿಹೋಗಿದೆ. ತೆಗೆಯುವುದು ಬೇಡವೆಂದು ಡಾಕ್ಟರು ಸದ್ಯಕ್ಕೆ ಹೇಳಿದ್ದಾರೆ. ಇಬ್ಬರು ಹೆಣ್ಣುಮಕ್ಕಳ ತಂದೆ, ಮೂವತ್ತೆಂಟು ವಯಸ್ಸು, ಬೆಸುಗೆ ಹಾಕುವಾಗ ಮುಖವಾಡದ ಒಳಗೆ ಹಾಡಿಕೊಳ್ಳುವ ಅಭ್ಯಾಸ. ನಾನು ಆಸ್ಪತ್ರೆಗೆ ಹೋದಾಗ ಅವನ ಹೆಂಡತಿ ನನ್ನನ್ನು ನೋಡಿ, "ಅಣ್ಣಾ, ಇವರದೇ ತಪ್ಪಂತೆ ಹೌದಾ?" ಎಂದು ಕೇಳಿದಳು. ಕಂಪನಿಯವರು ಅವನಿಗೆ ಒಳ್ಳೆಯ ಊರುಗೋಲು ಕೊಡಿಸುತ್ತಾರಂತೆ, ಎರಡು. ಲೋಡರ್‌ಗೆ ಒಂದು ಕೊಡಿಸಿದ್ದರೆ ಸಾಕಾಗಿತ್ತು.

ಈಗ ಅವರು ಬರೆದಿರುವ ವರದಿಯಲ್ಲಿ ಇಷ್ಟೇ ಇದೆ: 'ವೆಲ್ಡರ್ ಸ್ವತಃ ಕೆಲಸ ಮುಗಿಯಿತೆಂದು ಸೂಚನೆ ಕೊಟ್ಟಿದ್ದರಿಂದ ಅಪಘಾತ ಸಂಭವಿಸಿದೆ.' ಊರುಗೋಲಿನ ಮಾತಿಲ್ಲ, ಬೀಗದ ಮಾತಿಲ್ಲ, ಐದು ನಿಮಿಷದ ಮಾತಂತೂ ಇಲ್ಲವೇ ಇಲ್ಲ. ಹಾಸಿಗೆಯಲ್ಲಿ ಮಲಗಿರುವವನ ತಲೆಯ ಮೇಲೆ ಗೂಬೆ ಕೂರಿಸಿ ಕೈ ತೊಳೆದುಕೊಳ್ಳುವ ಉಪಾಯ. ಹೆಡ್ ಮೆಕ್ಯಾನಿಕ್ ಎಂದು ನಾನು ಕೆಳಗೆ ಸಹಿ ಹಾಕಬೇಕಂತೆ. ಹಾಕುವುದಿಲ್ಲ ಎಂದೆ. ಮನೆಗೆ ಹೋಗು ಎಂದರು.

ಹೋಗುವ ಮೊದಲು ಒಂದು ಕೆಲಸ ಮಾಡಿದೆ. ಆ ಲೋಡರ್‌ಗೆ ನನ್ನ ಬೀಗ ಜಡಿದು, ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡೆ. ಐದ್ನಿಮಿಷ ಗೇಟಿನವರೆಗೂ ಹಿಂದೆಯೇ ಬಂದ. "ಸಸ್ಪೆಂಡ್ ಆದೋನಿಗೆ ಬೀಗದ ಕೈ ಯಾಕ್ರಿ? ಕೊಡ್ರಿ ಇಲ್ಲಿ."

"ಹಾಕಿದೋನೇ ತೆಗೀಬೇಕು ಅಂತ ನಿಮ್ಮ ಗೋಡೆ ಮೇಲೇ ಬರೆಸಿದ್ದೀರಲ್ಲ ಸಾರ್. ಊರುಗೋಲು ಬರ್ಲಿ, ನಾನೇ ಬಂದು ತೆಗೀತೀನಿ."

"ಕಟರ್ ತರಿಸಿ ಕತ್ತರಿಸಿ ಹಾಕ್ತೀನಿ."

"ಕತ್ತರಿಸಿ. ಯಾರ ಕೈಲಿ ಕತ್ತರಿಸ್ತೀರಿ, ಅವರ ಹೆಸರನ್ನೂ ಲಾಗ್ ಪುಸ್ತಕದಲ್ಲಿ ಬರೆದಿಡಿ" ಎಂದೆ. ಇವತ್ತಿನವರೆಗೂ ಕತ್ತರಿಸಿಲ್ಲ. ಬೀಗದ ಕೈ ಮಾತ್ರ ಅಂಗಿಯ ಜೊತೆ ಎರಡು ಸಲ ಒಗೆತಕ್ಕೆ ಹೋಗಿ ಬಂದಿದೆ.

ಗುರುವಾರ ಮುಖ್ಯ ಕಚೇರಿಯವರು ವಿಚಾರಣೆಗೆ ಬರುತ್ತಾರಂತೆ. ಅದು ಮುಗಿಯುವವರೆಗೆ ಈ ಪತ್ರವನ್ನು ಅಂಟಿಸುವುದಿಲ್ಲ.

ಶುಕ್ರವಾರ, ಬೆಳಿಗ್ಗೆ

ಅಕ್ಕ, ವಿಚಾರಣೆ ಮುಗಿಯಿತು. ನಿನ್ನ ತಮ್ಮ ಅಲ್ಲಿ ಒಂದು ಎಡವಟ್ಟು ಮಾಡಿದ. ಕೇಳಿ ನಗಬೇಡ, ಅಥವಾ ನಕ್ಕುಬಿಡು.

ಉದ್ದನೆಯ ಮೇಜು. ಆ ಕಡೆ ಮುಖ್ಯ ಕಚೇರಿಯ ಅಧಿಕಾರಿ, ಮೃದು ಮಾತಿನ ಮನುಷ್ಯ, ಪಕ್ಕದಲ್ಲಿ ನಮ್ಮ ಐದ್ನಿಮಿಷ. ಈ ಕಡೆ ನಾನು ಮತ್ತು ಆ ಲೋಡರ್‌ನ ಡ್ರೈವರ್. ಡ್ರೈವರ್ ಆವತ್ತಿನಿಂದ ಸರಿಯಾಗಿ ಊಟ ಮಾಡಿಲ್ಲ, ಕುತ್ತಿಗೆ ಬಗ್ಗಿಸಿ ತನ್ನ ಅಂಗೈಯನ್ನೇ ನೋಡುತ್ತ ಕೂತಿದ್ದ. ಅಧಿಕಾರಿ ವರದಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಓದಿ ಮುಗಿಸಿ, ಕನ್ನಡಕ ತೆಗೆದು, ನನ್ನ ಕಡೆ ನೋಡಿ "ಆಯ್ತಾ?" ಎಂದರು.

ನನ್ನ ಹಾಳು ಬಾಯಿ, "ಆಯ್ತು" ಎಂದುಬಿಟ್ಟಿತು.

ಐದ್ನಿಮಿಷ ತಕ್ಷಣ ಪೆನ್ನಿನ ಮುಚ್ಚಳ ತೆಗೆದು ನನ್ನ ಮುಂದೆ ಇಟ್ಟ. ಅವನ ಮುಖ ಅರಳಿದ್ದನ್ನು ನೀನು ನೋಡಬೇಕಿತ್ತು. ನಾನು ನಾಲಗೆ ಕಚ್ಚಿಕೊಂಡೆ. ಎಲ್ಲರ ಬಾಯಿಂದ ಬಿಡಿಸಿದ ಮಾತನ್ನು ನಾನೇ ಆಡಿದ್ದೆ, ಅದೂ ಆಡಬಾರದ ಜಾಗದಲ್ಲಿ.

"ಏನ್ಸಾರ್ ಇದು ಪೆನ್ನು?" ಎಂದೆ.

"ನೀವೇ ಒಪ್ಪಿದ್ರಲ್ಲ, ಆಯ್ತು ಅಂತ" ಎಂದರು ಅಧಿಕಾರಿ.

"ಒಪ್ಪಿದ್ದಲ್ಲ ಸಾರ್. ಓದಿದ್ದು ಮುಗೀತಾ ಅಂತ ಕೇಳಿದ್ರಿ ಅಂದ್ಕೊಂಡೆ. ಮುಗೀತು ಅಂದೆ."

ಆಗ ನನಗೇ ಹೊಳೆಯಿತು ಅಕ್ಕ, ನಾನು ಮಾಡಿದ್ದು ಎಡವಟ್ಟಲ್ಲ, ಸಾಕ್ಷಿ. ಎದ್ದು ನಿಂತೆ. "ಸಾರ್, ನಾವು ಎದುರುಬದುರು ಕೂತಿದ್ದೀವಿ. ಫ್ಯಾನ್ ಸದ್ದು ಬಿಟ್ರೆ ಇಲ್ಲಿ ಬೇರೆ ಸದ್ದಿಲ್ಲ. ನೀವು ನನ್ನ ಮುಖ ನೋಡ್ಕೊಂಡೇ ಕೇಳಿದ್ರಿ. ಆದ್ರೂ ನಾನು ಹೇಳಿದ್ದು ಒಂದು, ನಿಮಗೆ ತಿಳಿದಿದ್ದು ಇನ್ನೊಂದು. ಆ ವೆಲ್ಡರ್ ಮುಖವಾಡ ಹಾಕ್ಕೊಂಡು, ಕಬ್ಬಿಣದ ಕೆಳಗೆ ಬಗ್ಗಿ, ಜನರೇಟರ್ ಸದ್ದಲ್ಲಿ ಅಂದ ಒಂದು ಮಾತಿನ ಮೇಲೆ ಇಡೀ ತಪ್ಪನ್ನ ಹೇರ್ತೀರಾ? ಊರುಗೋಲು ಇದ್ದಿದ್ರೆ ಅವನು ಸಾವಿರ ಸಲ ಆಯ್ತು ಅಂದಿದ್ರೂ ಕಾಲು ಉಳೀತಿತ್ತು. ನಿಮ್ಮ ಕಾಗದದಲ್ಲಿ ಅದನ್ನ ಬರೀರಿ, ಈಗ್ಲೇ ಸಹಿ ಹಾಕ್ತೀನಿ."

ಐದ್ನಿಮಿಷ ಮೇಜು ಕುಟ್ಟಿದ. "ಇವನಿಗೆ ಯಾವಾಗ್ಲೂ ಇದೇ ಚಾಳಿ ಸಾರ್. ತಲೆಹರಟೆ."

"ಹೌದು ಸಾರ್, ತಲೆಹರಟೆ. ಮೂರು ಸಲ ಲಾಗ್ ಪುಸ್ತಕದಲ್ಲಿ ತಲೆಹರಟೆ ಮಾಡಿದ್ದೀನಿ. ತರಿಸಿ ನೋಡಿ."

ಅಧಿಕಾರಿ ಪುಸ್ತಕ ತರಿಸಿದರು. ನೋಡುತ್ತ ನೋಡುತ್ತ ಅವರ ಮೃದು ಮಾತು ಕಡಿಮೆಯಾಯಿತು. ಆದರೂ ಸುಲಭಕ್ಕೆ ಬಿಡುವವರಲ್ಲ. ನನ್ನನ್ನು ಬಿಟ್ಟು ಡ್ರೈವರ್ ಕಡೆ ತಿರುಗಿ, "ನೀನಾದ್ರೂ ಹಾಕಪ್ಪ. ಅವನು ಆಯ್ತು ಅಂದಿದ್ದು ನಿಜ ತಾನೇ?" ಎಂದರು. ಆ ವರದಿಗೆ ಸಹಿ ಹಾಕಿದರೆ ಅವನು ಬಚಾವು, ತಪ್ಪೆಲ್ಲ ವೆಲ್ಡರ್‌ನದು. ಅವನು ಪೆನ್ನು ಎತ್ತಿಕೊಂಡ. ಅವನು ಪೆನ್ನಿನ ಮುಚ್ಚಳ ಹುಡುಕಿ, ಹಾಕಿ, ವಾಪಸ್ ಇಟ್ಟ.

"ನಾನು ಆ ಕ್ಯಾಬಿನಲ್ಲಿ ಕೂರಲೇಬಾರ್ದಿತ್ತು ಸಾರ್. ಕೂತ್ಕೋ ಅಂದ್ರು, ಕೂತೆ. ಅದನ್ನ ಬರ್ಕೊಳ್ಳಿ" ಎಂದ.

ಇಬ್ಬರೂ ಹೊರಗೆ ಬಂದು ಗೇಟಿನ ಎದುರಿನ ಅಂಗಡಿಯಲ್ಲಿ ಚಹಾ ಕುಡಿದೆವು. ಈಗ ಅವನೂ ಸಸ್ಪೆಂಡು.

ನನ್ನ ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಸರಕಾರದ ಸುರಕ್ಷತಾ ಇನ್‌ಸ್ಪೆಕ್ಟರ್ ಬುಧವಾರ ಬರುತ್ತಾರೆ. ಅವರಿಗೆ ಕೊಡಲು ನಾನೇ ಐದು ಪುಟ ಬರೆದಿದ್ದೇನೆ. ಇವಳು ಓದಿ, ಕಾಗುಣಿತ ತಿದ್ದಿ, "ಹೋದರೆ ಹೋಗಲಿ ಬಿಡಿ, ಊರಲ್ಲಿ ಇನ್ನೂ ನಲ್ಲಿಗಳಿವೆ" ಎಂದಳು. ಮನೆಗೆ ಹೋಗು ಎಂದವರು ನನ್ನನ್ನು ಮನೆಯಲ್ಲಿ ಕೂರಿಸಬಹುದು, ಬಾಯಿ ಮುಚ್ಚಿಸಲಾರರು. ನೀನೂ ಬೇಡವೆನ್ನಬೇಡ. ನೀನು ಬೇಡವೆಂದರೂ ಮಾಡುವವನೇ ನಾನು, ಆದರೆ ಹೂಂ ಎಂದರೆ ಗಟ್ಟಿಯಾಗಿ ನಿಲ್ಲುತ್ತೇನೆ.

ದೊಡ್ಡವನಿಗೂ ಮಗಳಿಗೂ ಮಾವನ ಆಶೀರ್ವಾದ ತಿಳಿಸು. ಅವಳ ಕೂಸಿಗೆ ಒಂದು ಮುತ್ತು. ನಿನ್ನ ಕಣ್ಣಿನ ಔಷಧಿ ತಪ್ಪಿಸಬೇಡ. ದೊಡ್ಡವಳು ನೀನು, ಹರಸು ನನ್ನನ್ನು.

ನಿನ್ನ,
ಪುಟ್ಟ

ಮತ್ತೆ: ಇದು ಮರೆತು ಉಳಿಸಿದ್ದಲ್ಲ, ಅಂಜಿ ಉಳಿಸಿದ್ದು. ಇವಳು ತಿದ್ದಿದ್ದು ನಾಲ್ಕೇ ಪುಟ. ಐದನೆಯದನ್ನು ಅವಳಿಗೂ ತೋರಿಸಿಲ್ಲ. ಇನ್‌ಸ್ಪೆಕ್ಟರ್ ಓದುವ ಮೊದಲು ನಿನಗೆ ಗೊತ್ತಾಗಬೇಕು. ಹತ್ತೊಂಬತ್ತು ವರ್ಷದ ಹಿಂದೆ ಭಾವ ಆ ಟಿಪ್ಪರಿನ ಎತ್ತಿದ ತೊಟ್ಟಿಯ ಕೆಳಗೆ ಆಸರೆಯಿಲ್ಲದೆ ಹೋಗಲು ಒಪ್ಪಿರಲಿಲ್ಲ. ಆಸರೆ ಬೇರೆ ಗಾಡಿಗೆ ಹೋಗಿತ್ತು. ಅದು ಬರುವವರೆಗೂ ಕೆಳಗೆ ಕಾಲಿಡಲ್ಲ ಎಂದು ಒಂದು ಗಂಟೆ ಟೈರಿನ ಮೇಲೆ ಕೈಕಟ್ಟಿ ಕೂತಿದ್ದರು. ಆಗಿನ ಮ್ಯಾನೇಜರ್ ಬಂದು ಕೆಲಸದಿಂದ ತೆಗೆಯುತ್ತೇನೆಂದು ಹೆದರಿಸಿ ಕೆಳಗೆ ಕಳಿಸಿದ. ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ, ಎಲ್ಲ ಕೇಳಿಸಿಕೊಂಡೆ. ಅವರ ಸಾವಿನ ವರದಿ ಎರಡು ಹಾಳೆಯದು, ನಿನಗೆ ಓದಿ ಹೇಳಿದ್ದು ಮೊದಲನೆಯದನ್ನು ಮಾತ್ರ. ಅದರಲ್ಲಿ 'ಮೃತನ ಸ್ವಂತ ಅವಸರ' ಎಂದು ಬರೆದು, ಎರಡನೆಯದರಲ್ಲಿ ಕಣ್ಣಾರೆ ಕಂಡವನ ಸಹಿ ಹಾಕಿಸಿಕೊಂಡರು. ಸಹಿ ಹಾಕಿ ನಾನು ಪಕ್ಕದ ಕೋಣೆಗೆ ಬಂದು ನಿನ್ನ ಕೈ ಹಿಡಿದು ಕೂತೆ. ಮರುತಿಂಗಳು ನನ್ನನ್ನು ಹೆಡ್ ಮೆಕ್ಯಾನಿಕ್ ಮಾಡಿದರು. ಭಾವ ಅವಸರ ಮಾಡಲಿಲ್ಲ ಅಕ್ಕ. ಇಷ್ಟು ವರ್ಷ ನಿನ್ನ ಬಾಯಿಂದ ಆ ಮಾತು ಕೇಳಿಸಿಕೊಂಡು ಸುಮ್ಮನಿದ್ದೆ. ಮಕ್ಕಳಿಗೆ ಇದನ್ನು ಹೇಳು. ಸಹಿ ಯಾರದೆಂದೂ ಹೇಳು.