ಕರು ಹಾಕಿದ ಕಾಗದ

ಬೇಗೂರು, ೧೯೫೬

ಉಡಿಗಾಲದ ಅಣ್ಣಯ್ಯನಿಗೆ ಬೇಗೂರಿನಿಂದ ನಿನ್ನ ತಂಗಿಯ ಶರಣು.

ಒಂದೇ ಚಪ್ಪರದಡಿ ನಮ್ಮ ಅಕ್ಕತಂಗಿಯರಿಬ್ಬರ ಮದುವೆ ಮಾಡಿದಾಗ ನನಗೆ ಬಳುವಳಿಯಾಗಿ ಹಸು ಕೊಟ್ಟೆ, ಚಿಕ್ಕವಳು ಮಲ್ಲಾಜಿಗೆ ರೇಡಿಯೋ ಕಂಪನಿಯ ಷೇರು ಕಾಗದ ಕೊಟ್ಟೆ. ಆವತ್ತು ಅವಳು ಅತ್ತಳು, ನಾನು ನಕ್ಕೆ. ಹತ್ತು ವರ್ಷ ಅವಳು ಆ ಕಾಗದವನ್ನು ಮಾರದೆ, ವಿಭೂತಿ ಹಚ್ಚಿ ದೇವರ ಗೂಡಿನಲ್ಲಿಟ್ಟುಕೊಂಡಳು. ಈಗ ಕಂಪನಿಯವರು ಪುಕ್ಕಟೆಯಾಗಿ ಇನ್ನಷ್ಟು ಷೇರು ಕಳಿಸಿದ್ದಾರಂತೆ. ಮೊನ್ನೆ ಬಂದು, "ನನ್ನ ಕಾಗದಾನೂ ಕರ ಆಕ್ತು ಕಣಕ್ಕ" ಅಂದಳು. ನನಗೇನೂ ಹೊಟ್ಟೆಯುರಿಯಿಲ್ಲ. ಬೆಲ್ಲ, ನೀರು ಕೊಟ್ಟು ಕಳಿಸಿದೆ.

ಒಂದು ಉಪಕಾರ ಮಾಡು. ನನ್ನ ಹಸು ಇಟ್ಟುಕೊಂಡು ಆ ಕಾಗದ ಕೊಡುತ್ತಾಳೇನೋ, ನಿನಗೇ ಹೊಳೆದಂತೆ ಕೇಳು. ಮಕ್ಕಳಿರುವ ಮನೆ, ಹಾಲು ಬೇಕು ಅನ್ನು. ನಾನು ಹೇಳಿದೆ ಅನ್ನಬೇಡ. ಹಸುವಿನ ಹಾಲು ಬತ್ತಿ ಎರಡು ವರ್ಷವಾಯಿತು ಅನ್ನುವುದನ್ನಂತೂ ಬಾಯಿಬಿಡಬೇಡ.

ನಿನ್ನ
ಶಿವರುದ್ರಿ