ಮುಂದಿನ ಟೇಬಲ್

ಚಳ್ಳಕೆರೆ, 3 ಫೆಬ್ರವರಿ 1997
ಬೆಳಿಗ್ಗೆಯಿಂದ ಎರಡು ಟೇಪ್ ರೆಕಾರ್ಡರ್, ಒಂದು ಮಿಕ್ಸಿ. ಎಂದಿನ ಹಾಗೆ ಇವರು ಗಿರಾಕಿ ಕೈಯಿಂದ ತಗೊಂಡು, "ತಾಳಪ್ಪ, ಒಳಗೆ ಮೀಟರ್ ಇಟ್ಟು ನೋಡ್ತೀನಿ" ಅಂತ ಪರದೆ ಸರಿಸಿ ನನ್ನ ಮುಂದೆ ತಂದಿಟ್ಟರು. ಬೆಲ್ಟ್ ಹೋಗಿದೆ ಅಂತ ಪಿಸುಗುಟ್ಟಿದೆ. ಹೊರಗೆ ಹೋಗಿ ಗಟ್ಟಿಯಾಗಿ ಹೇಳಿದರು — "ಬೆಲ್ಟ್ ಹೋಗೈತೆ." ಮದುವೆಯಾಗಿ ಹನ್ನೊಂದು ವರ್ಷ. ಮೀಟರ್ ಅಂದರೆ ನಾನು. ಕೆಲಸ ಕಲಿಸಿದ್ದು ನಮ್ಮಪ್ಪ, ಬೋರ್ಡಿನ ಮೇಲಿನ ಹೆಸರು ಗಂಡಂದು.

ಮಧ್ಯಾಹ್ನ ಟೆಂಪೋದಲ್ಲಿ ಒಂದು ಜ್ಯೂಕ್‌ಬಾಕ್ಸ್ ಬಂತು. ಮೊಳಕಾಲ್ಮೂರಿನ ಸೀರೆ ವ್ಯಾಪಾರಿ ಮುರುಗೇಂದ್ರಪ್ಪನವರದು. ಅವರಪ್ಪ ಇಲ್ಲೇ ಹೋಟೆಲ್ ನಡೆಸುತ್ತಿದ್ದಾಗ ತರಿಸಿದ್ದು. ನಾಲ್ಕಾಣೆ ಹಾಕಿ ಬಟನ್ ಒತ್ತಿದರೆ ಬೇಕಾದ ಹಾಡು. ಹೋಟೆಲ್ ಮುಚ್ಚಿದ ಮೇಲೆ ಇಪ್ಪತ್ತು ವರ್ಷ ಗೋದಾಮಿನಲ್ಲಿ ಬಿದ್ದಿತ್ತು. ಈಗ ಮೊಳಕಾಲ್ಮೂರಿನಲ್ಲಿ ಹೊಸ ಶೋರೂಂ. ಮೇ 11ಕ್ಕೆ ಓಪನಿಂಗ್. ಅವತ್ತು ಇದು ಹಾಡಬೇಕಂತೆ.

"ಬೆಂಗಳೂರಿನವರೇ ಕೈ ಎತ್ತಿದ್ರು ಚಂದ್ರಣ್ಣ."
"ಅದು ನನಗೆ ಬಿಡ್ರಿ," ಅಂದರು ಇವರು. ನನಗೆ ಬಿಡ್ರಿ ಅಂತೆ!

4 ಫೆಬ್ರವರಿ
ಕೇಳಿಯೇ ಬಿಟ್ಟೆ. ಮಾಡ್ತೀನಿ, ಆದರೆ ಇದು ಹಾಡಿದ ಮಾರನೇ ದಿನದಿಂದ ಅಂಗಡಿಯ ಮುಂದಿನ ಟೇಬಲ್ ನನ್ನದು. ಗಿರಾಕಿ ನನ್ನ ಕೈಗೇ ಕೊಡಬೇಕು, ನಾನೇ ಹೇಳಬೇಕು.

ನಕ್ಕರು. "ಹೆಂಗಸ್ರು ಸ್ಕ್ರೂಡ್ರೈವರ್ ಹಿಡ್ಕಂಡು ಕೂತ್ರೆ ಅಂಗಡಿಗೆ ಯಾರು ಬರ್ತಾರೆ?"
"ಹಂಗಾದ್ರೆ ನೀವೇ ಮಾಡ್ರಿ."

ಟಾರ್ಚ್ ಹಿಡಿದು ಪೆಟ್ಟಿಗೆ ಹಿಂದೆ ಹತ್ತು ನಿಮಿಷ ನಿಂತರು. ಆಮೇಲೆ — "ಆತು ಬಿಡು. ತಿಪ್ಪೇಸ್ವಾಮಿ ಆಣೆ, ಕೂತ್ಕಳುವಂತೆ." ನಾಯಕನಹಟ್ಟಿ ಕಡೆ ತಿರುಗಿ ಕೈ ಬೇರೆ ಮುಗಿದರು.

9 ಫೆಬ್ರವರಿ
ಹಿಂದಿನ ಹಲಗೆ ಬಿಚ್ಚಿದೆ. ಐವತ್ತು ರೆಕಾರ್ಡು ಸಾಲಾಗಿ ನಿಂತಿವೆ. ಅವನ್ನು ಎತ್ತಿ ತಟ್ಟೆ ಮೇಲೆ ಮಲಗಿಸುವ ಒಂದು ಕಬ್ಬಿಣದ ಕೈ. ಕೈ ಅಲುಗುತ್ತಿಲ್ಲ. ಗೇರ್, ಸ್ಪ್ರಿಂಗ್, ಬೇರಿಂಗ್ ಎಲ್ಲಕ್ಕೂ ಹಳದಿ ಅಂಟು, ಕಲ್ಲಾಗಿದೆ. ಉಗುರಿನಿಂದ ಕೆರೆದು ಮೂಸಿದೆ. ಶೇಂಗಾ ಎಣ್ಣೆ! ಎಣ್ಣೆ ಮಿಲ್ಲಿನ ಊರು ನೋಡಿ — ಕಿರುಗುಟ್ಟಿದಾಗಲೆಲ್ಲ ಹೋಟೆಲಿನವರು ಒಗ್ಗರಣೆ ಹಾಕಿದ್ದಾರೆ. ಮಷೀನಿಗೂ ಹೊಟ್ಟೆ ಇದೆ ಅಂದುಕೊಂಡಿದ್ದರೋ ಏನೋ.

22 ಫೆಬ್ರವರಿ
ಇನ್ನೂ ಅಂಟು. ಸೀಮೆಎಣ್ಣೆ, ಹಳೇ ಹಲ್ಲುಜ್ಜೋ ಬ್ರಷ್, ಹೊಲಿಗೆ ಸೂಜಿ. ಊಟಕ್ಕೆ ಕೂತರೆ ಮುದ್ದೆಯೂ ಸೀಮೆಎಣ್ಣೆ ವಾಸನೆ. ಬಿಚ್ಚಿದ್ದನ್ನೆಲ್ಲ ಹಾಳೆ ಮೇಲೆ ಚಿತ್ರ ಬರೆದು ನಂಬರ್ ಹಾಕಿಟ್ಟಿದ್ದೇನೆ. ಪಕ್ಕದ ಮನೆ ಸಿದ್ದಕ್ಕ ಇಣುಕಿ, "ಪಾಪ, ಗಂಡಂಗೆ ಸಾಮಾನು ತೊಳ್ದು ಕೊಡ್ತೀಯೇನವ್ವ?" ಅಂದಳು. ಹೂಂ ಅಂದೆ.

16 ಮಾರ್ಚ್, ಸಂಜೆ
ಕಬ್ಬಿಣದ ಕೈ ಎದ್ದಿತು! ಈಗ ಆಂಪ್ಲಿಫೈಯರ್ ಸರದಿ. ಕಂಡೆನ್ಸರ್ ಎರಡು ಉಬ್ಬಿದ್ದವು, ಬದಲಾಯಿಸಿದೆ. ವಾಲ್ವ್ ಒಂದು ಸತ್ತಿದೆ, ಬೆಂಗಳೂರಿಂದ ತರಿಸಬೇಕು. ಅಜಾಗರೂಕತೆಯಲ್ಲಿ ಮುಟ್ಟಿ ಮೊಣಕೈವರೆಗೆ ಶಾಕ್. ಐದು ನಿಮಿಷ ಗೋಡೆಗೆ ಒರಗಿ ಕೂತೆ.

ಪರದೆ ಆಚೆ ಇವರು ಯಾರಿಗೋ ಹೇಳುತ್ತಿದ್ದರು — "ಒಳಗೆ ಭಾರಿ ವೋಲ್ಟೇಜ್ ಕಣ್ರಿ, ಪ್ರಾಣ ಪಣಕ್ಕಿಟ್ಟು ಮಾಡ್ತಿದೀನಿ." ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ಈ ಮನೆಯಲ್ಲಿ ಕೆಸರು ನನ್ನ ಕೈಗೆ, ಮೊಸರು ಅವರ ಬಾಯಿಗೆ.

20 ಏಪ್ರಿಲ್
ಹಾಡಿತು.
ಪೆಟ್ಟಿಗೆಯೊಳಗೇ ಸಿಕ್ಕ ಹನ್ನೊಂದು ಹಳೇ ನಾಲ್ಕಾಣೆ ಹಾಕಿ ಹಾಕಿ ನೋಡಿದೆ. ಹನ್ನೊಂದು ಸಲವೂ ಹಾಡಿತು. ಮನೆಯಲ್ಲಿ ನಾನೊಬ್ಬಳೇ. ಅತ್ತುಬಿಟ್ಟೆ. ಯಾಕೆ ಅಂತ ಗೊತ್ತಿಲ್ಲ, ಸಂತೋಷಕ್ಕೇ ಇರಬೇಕು. ಮುಂದಿನ ಟೇಬಲ್ಲಿನ ಧೂಳು ಒರೆಸಿ ಬಂದೆ.

12 ಮೇ
ನಿನ್ನೆಯದು ಬರೆಯಲೇಬೇಕು. ಇಲ್ಲದಿದ್ದರೆ ಹೊಟ್ಟೆಯಲ್ಲೇ ಕೊಳೆಯುತ್ತೆ.

ಶೋರೂಂ ತುಂಬ ಜನ. ನಾನು ಹೆಂಗಸರ ಜೊತೆ ಮೂಲೆಯಲ್ಲಿ. ಪೆಟ್ಟಿಗೆಗೆ ವಿಭೂತಿ, ಹೂವು. ಮುರುಗೇಂದ್ರಪ್ಪನವರ ತಾಯಿ ಕೊಟ್ರಮ್ಮನವರಿಂದ ಮೊದಲ ನಾಣ್ಯ. ಶುಭಕಾರ್ಯ ಅಂತ ಬ್ಯಾಂಕಿನಿಂದ ಹೊಚ್ಚ ಹೊಸ ನಾಲ್ಕಾಣೆ ತರಿಸಿದ್ದರು, ಒಂದೊಂದಕ್ಕೂ ಕುಂಕುಮ. ಹಾಕಿದರು. ಹಾಡಲಿಲ್ಲ. ಇನ್ನೊಂದು. ಇಲ್ಲ. ಮೂರನೇದೂ ಇಲ್ಲ.

ನನಗೆ ತಕ್ಷಣ ಹೊಳೆಯಿತು. ನಾಣ್ಯ ಇಳಿಯುವ ದಾರಿಯಲ್ಲಿ ಒಂದು ಅಯಸ್ಕಾಂತ ಇದೆ, ಕಬ್ಬಿಣದ ಬಿಲ್ಲೆ ಹಾಕಿ ಮೋಸ ಮಾಡುವವರನ್ನು ಹಿಡಿಯಲು. ಹಳೇ ನಾಲ್ಕಾಣೆ ಅದಕ್ಕೆ ಅಂಟಲ್ಲ. ಈಗಿನದು ಸ್ಟೀಲು, ಅಂಟುತ್ತೆ. ಹೊಸ ನಾಣ್ಯ ಹಾಕಿ ನೋಡಬೇಕು ಅಂತ ನನಗೆ ಹೊಳೆದೇ ಇರಲಿಲ್ಲ. ತಪ್ಪು ನನ್ನದೇ.

ಎಲ್ಲರೂ ಇವರ ಮುಖ ನೋಡಿದರು. ಇವರು ಬೆವರು ಒರೆಸಿಕೊಂಡು ಹೇಳಿದ್ದು — "ಏನ್ ಮಾಡೋದು ಸ್ವಾಮಿ, ಒಳಗಿನ ಕೆಲಸ ಎಲ್ಲ ನಮ್ಮನೆಯವ್ಳು ಮಾಡಿದ್ದು. ಹೆಂಗಸ್ರ ಕೈಕೆಲಸ, ಇಷ್ಟೇ."

ಹನ್ನೊಂದು ವರ್ಷದಲ್ಲಿ ಮೊದಲನೇ ಸಲ ಸತ್ಯ ಹೇಳಿದರು. ಕೆಟ್ಟ ಮೇಲೆ ಹೇಳಿದರು.

"ಹೌದಾ? ಹಂಗಾದ್ರೆ ಆಯಮ್ಮನ್ನೇ ಕರೀರಿ," ಅಂದರು ಮುರುಗೇಂದ್ರಪ್ಪ. ಹೋದೆ. ಒಂದು ಸ್ಕ್ರೂ ಬಿಚ್ಚಿ ಅಯಸ್ಕಾಂತ ತೆಗೆದೆ. ಹಾಡಿತು. ಚಪ್ಪಾಳೆ.

ಶಾಲು, ಹಾರ ಇವರಿಗೆ. ನನಗೆ ಎಲ್ಲ ಮುತ್ತೈದೆಯರ ಹಾಗೆ ಅರಿಶಿನ ಕುಂಕುಮ, ರವಿಕೆಗೆ ಅಂತ ಒಂದು ಕುಬಸದ ಕಣ. ಕೊಟ್ರಮ್ಮನವರು ಗಲ್ಲ ಹಿಡಿದು, "ಒಳ್ಳೇ ಗಂಡ ಸಿಕ್ಕಾನೆ ಕಣವ್ವ, ಎಷ್ಟೆಲ್ಲ ಕಲ್ಸಿದಾನೆ ನಿನಗೆ!" ಅಂದರು. ನಮ್ಮಪ್ಪನ ಹೆಸರು ಬಾಯಿಗೆ ಬಂತು. ನುಂಗಿದೆ.

13 ಮೇ
ಟೇಬಲ್ ಕೇಳಿದೆ.
"ಅಷ್ಟು ಜನದ ಮುಂದೆ ನನ್ನ ಮಾನ ತೆಗೆದ್ಯಲ್ಲ, ಇನ್ನ ಟೇಬಲ್ ಬೇರೆ ಬೇಕಾ?"
"ಆಣೆ ಇಟ್ಟಿದ್ರಿ."
"ಹಾಡಿದ್ರೆ ಅಂದಿದ್ದೆ. ಮೊದ್ಲು ಹಾಕಿದ ನಾಣ್ಯಕ್ಕೆ ಹಾಡ್ತಾ?"

ದೇವರ ಹತ್ತಿರವೂ ಚೌಕಾಸಿ ಮಾಡುವ ಮನುಷ್ಯ. ಉಗಿಯಬೇಕು ಅನ್ನಿಸಿತು.

28 ಮೇ, ಬೆಳಿಗ್ಗೆ 10:20
ಹದಿನೈದು ದಿನ ಒಳಗೇ ಇದ್ದೆ. ಏನೂ ಬರೆಯಲಿಲ್ಲ.

ಇವತ್ತು ಮುಂದಿನ ಟೇಬಲ್ಲಿಗೆ ಬಂದು ಕೂತೆ. ಕೇಳಲಿಲ್ಲ. ಇದನ್ನು ಅಲ್ಲೇ ಕೂತು ಬರೆಯುತ್ತಿದ್ದೇನೆ. ಇವರು ಟೀ ಕುಡಿದು ಬಂದು, ನೋಡಿ, ಬಾಗಿಲಲ್ಲೇ ನಿಂತರು. "ಏಳು, ಗಿರಾಕಿ ಬರೋ ಹೊತ್ತು." ಏಳಲಿಲ್ಲ. ಅಷ್ಟರಲ್ಲಿ ನನ್ನಿವಾಳದ ದೊಡ್ಡಪಾಲಯ್ಯ ರೇಡಿಯೋ ಹಿಡಿದು ಬಂದೇ ಬಿಟ್ಟ.

"ಮಾತೇ ಬಿಟ್ಟೈತೆ ಚಂದ್ರಣ್ಣ, ಏನಾಗೈತೆ ನೋಡು."

ಇವರು ತಗೊಂಡರು. ಹಿಂದಿನ ಮುಚ್ಚಳ ತೆಗೆದರು. ಪರದೆ ಕಡೆ ಎರಡು ಹೆಜ್ಜೆ ಇಟ್ಟು ನಿಂತರು. ಒಳಗೆ ಯಾರೂ ಇಲ್ಲ.

ಇಲ್ಲಿಂದಲೇ ಕಾಣುತ್ತಿದೆ, ಸ್ಪೀಕರಿನ ವೈರ್ ಬಿಟ್ಟಿದೆ ಅಷ್ಟೆ. ಹೇಳುವುದಿಲ್ಲ. ತಲೆ ತಗ್ಗಿಸಿ ಬರೆಯುತ್ತಲೇ ಇದ್ದೇನೆ. ದೊಡ್ಡಪಾಲಯ್ಯ ಅವರನ್ನು ನೋಡುತ್ತಿದ್ದಾನೆ, ನನ್ನನ್ನು ನೋಡುತ್ತಿದ್ದಾನೆ. ಇವರು ಕೆಮ್ಮಿದರು. "ಲೇ" ಅಂದರು. ನಾನು ಬರೆಯುತ್ತಿದ್ದೇನೆ. "ಇಲ್ಲಿ ನೋಡು" ಅಂದರು. ಬರೆಯುತ್ತಿದ್ದೇನೆ.

"ತ್ರಿವೇಣಿ..." ಅಂದರು ಈಗ. ಮೆಲ್ಲಗೆ. ಗಿರಾಕಿಗೆ ಕೇಳಿಸಿರಲಿಕ್ಕಿಲ್ಲ.

ಇನ್ನೊಂದು ಸಲ ಕರೆಯಲಿ. ಗಟ್ಟಿಯಾಗಿ. ಆಮೇಲೆ ವೈರ್ ಬಿಟ್ಟಿದೆ ಅಂತ ನಾನೇ ಗಿರಾಕಿಗೆ ಹೇಳ್ತೀನಿ.