ಬಾಗಿಲ ಕಡೆಗೆ ಹರಿಯುವ ಬಚ್ಚಲು

ಜೂನ್ ೧೪, ಶನಿವಾರ

ಬಚ್ಚಲಿನ ನೀರು ಬಾಗಿಲ ಕಡೆಗೇ ಹರಿಯುತ್ತದೆ. ಟೈಲ್ಸ್ ಕೂರಿಸುವಾಗ ರಸಮಟ್ಟ ಇಟ್ಟು ನೋಡಲಿಲ್ಲ, ಇಳಿಜಾರನ್ನು ಕಣ್ಣಳತೆಯಲ್ಲೇ ಕೊಟ್ಟೆ. ನನ್ನ ಕಣ್ಣೇ ಸಾಕು ಅಂದುಕೊಂಡಿದ್ದೆ.

ಬೆಳಿಗ್ಗೆ ಮಾವ ಮನೆ ನೋಡಲು ಬಂದರು. ಬಚ್ಚಲನ್ನು ಮೇಸ್ತ್ರಿ ಮಾಡಿದ್ದು ಎಂದು ಇವಳು ಅಪ್ಪನಿಗೆ ಮೊದಲೇ ಹೇಳಿಟ್ಟಿದ್ದಳು. ಮಾವ ಬಕೆಟ್ ತುಂಬಿಸಿ ಒಮ್ಮೆಲೇ ನೆಲಕ್ಕೆ ಸುರಿದರು. ನೀರು ಜಾಲರಿಯ ಕಡೆ ತಿರುಗಿಯೂ ನೋಡದೆ, ಹೊಸ್ತಿಲು ದಾಟಿ ನಡುಮನೆಗೆ ಬಂತು.

"ಯಾವನಮ್ಮಾ ಆ ಮೇಸ್ತ್ರಿ? ಅವನ ಕೈಗೆ ಕರಣೆ ಕೊಟ್ಟೋರ್ಯಾರು?"

ಇವಳು ನನ್ನ ಕಾಲು ತುಳಿದಳು. ಆದರೂ ಹೇಳಿಬಿಟ್ಟೆ, "ನಾನೇ ಮಾವ, ಹಾಕಿದ್ದು."

"ಹಾಗನ್ನು! ಸ್ಕೂಲೂ ಅರ್ಧ, ಬಚ್ಚಲೂ ಅರ್ಧ." ಗೋಣಿಚೀಲವನ್ನು ಕಾಲಿನಿಂದ ನನ್ನತ್ತ ತಳ್ಳಿದರು. "ಒರೆಸಪ್ಪಾ ಮೇಸ್ತ್ರಿ."

ಮಂಡಿಯೂರಿ ಒರೆಸಿದೆ. ಅವರು ಕುರ್ಚಿ ಎಳೆದುಕೊಂಡು ಕೂತು, "ಆ ಮೂಲೆ ಬಿಟ್ಯಲ್ಲ, ಇಲ್ಲೂ ಇದೆ ನೋಡು" ಎಂದು ಬೆರಳು ತೋರಿಸುತ್ತಿದ್ದರು. ಅದನ್ನು ನುಂಗಿಕೊಂಡೆ. ಅಷ್ಟರಲ್ಲಿ ಇವಳು ನಕ್ಕಳು. ಅಪ್ಪನನ್ನು ಮೆಚ್ಚಿಸುವ ನಗುವಾಗಿದ್ದರೆ ಮರೆಯಬಹುದಿತ್ತು. ಅವಳಿಗೆ ನಿಜವಾಗಿಯೇ ತಡೆಯಲಾಗಿರಲಿಲ್ಲ, ಬಾಯಿಗೆ ಸೆರಗು ಒತ್ತಿಕೊಂಡಿದ್ದಳು.

ಬಸುರಿ ಜಾರಿ ಬಿದ್ದರೆ ಯಾರು ಹೊಣೆ ಎಂದು ಮಾವ ಅವಳನ್ನು ಕರೆದುಕೊಂಡು ಹೊರಟರು. ಬ್ಯಾಗಿಗೆ ಬಟ್ಟೆ ತುರುಕುತ್ತಾ ಅವಳೆಂದಳು, "ನೆಲ ಅಂತೂ ಆಗಲಿಲ್ಲ, ಒಂದು ಸುಳ್ಳನ್ನಾದ್ರೂ ನೆಟ್ಟಗೆ ನಿಲ್ಸೋಕಾಗಲ್ವಾ ನಿಂಗೆ? ಬಚ್ಚಲು ಸರಿಯಾದ ಮೇಲೆ ಫೋನ್ ಮಾಡು."

ಸಂಜೆಯೇ ಉಳಿ, ಸುತ್ತಿಗೆ ಹಿಡಿದು ಕೂತೆ. ಒಂದು ಟೈಲೂ ಏಳಲಿಲ್ಲ. ಸಿಮೆಂಟನ್ನು ಮಾತ್ರ ಸರಿಯಾಗಿ ಕಲಸಿದ್ದೆ.